ಉಪ್ಪಾಗೆಗೂ ಬಂಗುಡೆಗೂ ಮಿತಿ ಹಾಕಬೇಕಾದದ್ದು ಯಾರಿಗೆ: ಕೊಯ್ಯುವವರಿಗೋ, ಕೊಳ್ಳುವವರಿಗೋ?

ಅಘನಾಶಿನಿ ಕಣಿವೆ

ನಮ್ಮ ಪಂಚಾಯಿತಿ ಕುಮಟಾ ತಾಲ್ಲೂಕಿನಲ್ಲಿದೆ. ಅದರ ಒಂದು ತುದಿ ಘಟ್ಟದ ಕಾಡಿಗೆ ತಾಗಿಕೊಂಡಿದ್ದರೆ ಇನ್ನೊಂದು ತುದಿ ಅಘನಾಶಿನಿಯ ಅಳಿವೆಗೆ ಇಳಿಯುತ್ತದೆ. ಮೇಲಿನ ಮನೆಗಳವರು ಮಳೆಗಾಲದಲ್ಲಿ ಉಪ್ಪಾಗೆ ಎಂಬ ಹುಳಿ ಕಾಡುಹಣ್ಣನ್ನು ಕೊಯ್ದು ಒಣಗಿಸುತ್ತಾರೆ. ಕೆಳಗಿನವರು ಹೊಳೆಯಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ, ಇಲ್ಲವೇ ದೋಣಿ ಹತ್ತಿ ಸಮುದ್ರಕ್ಕೆ ಹೋಗುತ್ತಾರೆ. ಈಗ ಎರಡೂ ಕಡೆಯಿಂದ ಒಂದೇ ದೂರು ಕೇಳಿಬರುತ್ತಿದೆ: ಬಲಿಯುವ ಮೊದಲೇ ಎಲ್ಲವೂ ಬುಟ್ಟಿ ಸೇರುತ್ತಿದೆ.

ಈ ಜುಲೈನಲ್ಲಿ ಕಾಡಿನ ಅಂಚಿನಲ್ಲಿ ನೋಡಿದ ಒಂದು ಉಪ್ಪಾಗೆ ಮರದ ಸ್ಥಿತಿಯನ್ನು ಹೇಳುತ್ತೇನೆ. ಕೈಗೆ ಎಟುಕದ ಕೊಂಬೆಗಳನ್ನೆಲ್ಲ ಕತ್ತಿಯಿಂದ ಕಡಿದು ಕೆಡವಿದ್ದರು. ಕೆಳಗೆ ಬಿದ್ದಿದ್ದ ಕಾಯಿಗಳು ಇನ್ನೂ ಹಸಿರಾಗಿದ್ದವು. ಒಡೆದು ನೋಡಿದರೆ ಒಳಗಿನ ಬೀಜ ಬಲಿತೇ ಇರಲಿಲ್ಲ. ಆಗಸ್ಟ್‌ನಲ್ಲಿ ಮೀನುಗಾರಿಕೆ ಶುರುವಾದ ಮೇಲೆ ಪೇಟೆಗೆ ಬಂದ ಬಂಗುಡೆ ಮೀನಿನ ರಾಶಿಯಲ್ಲೂ ನಡುಬೆರಳಿನಷ್ಟು ಉದ್ದದ ಮರಿಗಳೇ ಹೆಚ್ಚಾಗಿದ್ದವು.

ಮುಂದಿನ ಗ್ರಾಮಸಭೆಯಲ್ಲಿ ಕೊಯ್ಲಿಗೂ ಹಿಡಿತಕ್ಕೂ ಏನಾದರೂ ಕಟ್ಟಳೆ ಮಾಡಬೇಕೆಂದು ಕೆಲವರು ಯೋಚಿಸಿದ್ದೇವೆ. ಇದೆಲ್ಲ ಇಲಾಖೆಯ ಕೆಲಸ, ನಮಗೇಕೆ ಎನ್ನುವವರೂ ಇದ್ದಾರೆ. ನಿಮ್ಮ ಊರುಗಳಲ್ಲಿ ಇಂಥ ಕಟ್ಟಳೆ ನಿಂತದ್ದುಂಟೇ? ನಿಂತಿದ್ದರೆ ಯಾವ ಬಲದಿಂದ ನಿಂತಿತು?

ಶಿರಸಿ ತೋಟಿಗ

ಉಪ್ಪಾಗೆಯ ವಿಷಯದಲ್ಲಿ ನಮ್ಮ ಕಡೆಯ ಅನುಭವವೂ ಇದೇ. ನಮ್ಮ ಅಜ್ಜಿಯ ಕಾಲದಲ್ಲಿ ಉಪ್ಪಾಗೆಯನ್ನು ಮನೆಯ ಹುಳಿಗೆಂದು ತರುತ್ತಿದ್ದರು, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಿದ್ದರು; ಮಾರಾಟವೆಂದರೆ ಅಷ್ಟಿಷ್ಟು. 1990ರ ದಶಕದಲ್ಲಿ ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲಕ್ಕೆ ತೂಕ ಇಳಿಸುವ ಮದ್ದೆಂದು ಹೊರದೇಶಗಳಲ್ಲಿ ಬೇಡಿಕೆ ಹುಟ್ಟಿತು. ಅಲ್ಲಿಂದ ದರ ಏರಿತು, ದರ ಏರಿದ್ದೇ ಪೈಪೋಟಿಯೂ ಏರಿತು.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ತೋಟದ ಸೊಪ್ಪಿಗೆಂದು ಬಿಟ್ಟ ನನ್ನ ಸೊಪ್ಪಿನ ಬೆಟ್ಟದಲ್ಲಿರುವ ಉಪ್ಪಾಗೆ ಮರದ ಹಣ್ಣು ಹಳದಿಯಾಗಿ ತಾನೇ ಉದುರುವವರೆಗೆ ನಾನು ಕಾಯುತ್ತೇನೆ, ಏಕೆಂದರೆ ಅಲ್ಲಿಗೆ ಬೇರೆಯವರು ಬರುವುದಿಲ್ಲ. ಹಣ್ಣಾದ ಮೇಲೆ ಸಿಪ್ಪೆ ದಪ್ಪವಾಗಿ ತೂಕವೂ ಚೆನ್ನಾಗಿ ಬರುತ್ತದೆ. ಆದರೆ ಬೇಲಿಯಾಚೆಯ ಕಾಡಿನಲ್ಲಿ ನಾನೂ ಕಾಯುವುದಿಲ್ಲ, ಪಕ್ಕದವರೂ ಕಾಯುವುದಿಲ್ಲ. ನಾವು ಇಂದು ಬಿಟ್ಟರೆ ನಾಳೆ ಅದು ಇನ್ನೊಬ್ಬರ ಚೀಲದಲ್ಲಿರುತ್ತದೆ. ಮರ ಒಂದೇ ಜಾತಿಯದು, ಕೊಯ್ಯುವ ಜನವೂ ಒಂದೇ. ನಾಳೆಯ ಭರವಸೆ ಇದೆಯೋ ಇಲ್ಲವೋ ಎನ್ನುವುದಷ್ಟೇ ಬೇರೆ.

ಒಣಗಿಸುವ ಸೌದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಣ್ಣು ಬರುವುದೇ ಜಡಿಮಳೆಯಲ್ಲಿ. ಬಿಸಿಲಿಲ್ಲದೆ ಒಲೆಯ ಮೇಲೆ ಒಣಗಿಸಬೇಕು. ಉಪ್ಪಾಗೆ ಉಳಿಸುವ ಮಾತಾಡುತ್ತ ಅದನ್ನು ಒಣಗಿಸಲು ಬೇರೆ ಮರ ಕಡಿಯುವುದಾದರೆ ಕಟ್ಟಳೆ ಅರ್ಧವೇ ಆಯಿತು. ಸೌದೆ ಕಡಿಮೆ ಬೇಡುವ ಡ್ರೈಯರ್‌ಗಳು ನಮ್ಮ ಕಡೆ ಕೆಲವು ಮನೆಗಳಿಗೆ ಬಂದಿವೆ. ನಾಲ್ಕಾರು ಮನೆಗಳಿಗೆ ಒಂದರಂತೆ ಅವನ್ನು ಹಾಕಿಸುವುದು ಪಂಚಾಯಿತಿಗೆ ಅಸಾಧ್ಯವಾದ ಕೆಲಸವಲ್ಲ.

ಮಲ್ಪೆ ಬೋಟು

ಕಾಡನ್ನೂ ಕಡಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪುವುದಿಲ್ಲ. ಮರ ನಿಂತಲ್ಲಿಯೇ ಇರುತ್ತದೆ. ಮೀನಿನ ಹಿಂಡು ಇಂದು ಗಂಗೊಳ್ಳಿಯ ಎದುರಿದ್ದರೆ ನಾಳೆ ಕಾರವಾರ ದಾಟಿ ಗೋವಾದ ನೀರಿನಲ್ಲಿರುತ್ತದೆ. ನಾನು ಬಲೆ ಹಾಕದೆ ಬಂದರೆ ಆ ಮೀನು ಉಳಿಯುತ್ತದೆ ಎನ್ನುವ ಖಾತ್ರಿ ಯಾರು ಕೊಡುತ್ತಾರೆ?

ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಬೋಟುಗಳು ಧಕ್ಕೆಯಲ್ಲಿ ಕಟ್ಟಿರುತ್ತವೆ. ಆ ಎರಡು ತಿಂಗಳೂ ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ, ಬೋಟಿನ ರಿಪೇರಿ ನಿಲ್ಲುವುದಿಲ್ಲ, ಬೋಟಿನ ಕೆಲಸಗಾರರಾದ ಕಲಾಸಿಗಳಿಗೆ ಕೊಟ್ಟ ಮುಂಗಡವೂ ಹಾಗೆಯೇ ಇರುತ್ತದೆ. ಡೀಸೆಲ್, ಮಂಜುಗಡ್ಡೆ, ಬಲೆ, ಎಲ್ಲದರ ದರ ಏರಿದೆ. ಹಿಡಿಯುವುದಕ್ಕೆ ಮಿತಿ ಹಾಕುವ ಮಾತು ಬಂದಾಗಲೆಲ್ಲ ಬೋಟಿನವರತ್ತ ಮಾತ್ರ ಬೆರಳು ತೋರಿಸುವುದು ನ್ಯಾಯವಲ್ಲ.

ಗಂಗೊಳ್ಳಿ ನಾಡದೋಣಿ

ಬೋಟಿನವರ ಕಷ್ಟ ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಆದರೆ ಕಷ್ಟದ ಮಾತಾಡುವಾಗ ಬೆಳಕು ಮೀನುಗಾರಿಕೆಯ ಮಾತನ್ನು ಬಿಟ್ಟುಬಿಡುವುದು ಸರಿಯಲ್ಲ. ಕತ್ತಲೆಯ ರಾತ್ರಿ ಜನರೇಟರ್ ಹಚ್ಚಿ, ಎಲ್‌ಇಡಿ ದೀಪದ ಬೆಳಕನ್ನು ನೀರಿಗೆ ಬಿಟ್ಟು, ಬಂದು ಸೇರಿದ ಮರಿ, ಬೊಂಡಾಸ (ಸ್ಕ್ವಿಡ್), ದೊಡ್ಡ ಮೀನು ಎನ್ನದೆ ಸುತ್ತು ಬಲೆಯಲ್ಲಿ ಬಾಚಿಕೊಳ್ಳುವ ಕ್ರಮವನ್ನು ಕೇಂದ್ರ ಸರ್ಕಾರ 2017ರ ನವೆಂಬರ್ 10ರ ಆದೇಶದಲ್ಲೇ ನಿಷೇಧಿಸಿದೆ. ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಕೂಡ ಅದೇ ಆದೇಶದಲ್ಲಿ ನಿಷಿದ್ಧ. ಆದೇಶವಾದ ಮೇಲೂ ಅದು ನಿಂತಿಲ್ಲವೆಂದು ನಾವು ಪ್ರತಿ ವರ್ಷ ಮನವಿ ಹಿಡಿದು ಕಚೇರಿಗೆ ಅಲೆಯುತ್ತಿದ್ದೇವೆ.

ಹಿಂದಿನದನ್ನೂ ಸ್ವಲ್ಪ ನೆನಪಿಸಿಕೊಳ್ಳಬೇಕು. ರಂಪಣಿ ಬಲೆಯನ್ನು ದಡದಿಂದ ಎಳೆಯಲು ಹತ್ತಾರು ಮಂದಿ ಬೇಕಿತ್ತು. ಎಳೆದವರಿಗೆಲ್ಲ ಪಾಲಿತ್ತು, ಬಲೆ ಹಾಕಲು ಕಾಲವಿತ್ತು, ಯಾರ ಎದುರಿನ ನೀರಿನಲ್ಲಿ ಯಾರು ಬಲೆ ಬಿಡಬೇಕೆಂಬ ಕ್ರಮವೂ ಇತ್ತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟು ಬಂದ ಮೇಲೆ ಹಿಂಡು ದಡಕ್ಕೆ ಬರುವ ಮೊದಲೇ ಹೊರಗೆ ಸುತ್ತುವರಿಯುವುದು ಶುರುವಾಯಿತು. ಆ ದಶಕ ಮುಗಿಯುವಷ್ಟರಲ್ಲಿ ರಂಪಣಿಯವರಿಗೂ ಬೋಟಿನವರಿಗೂ ಕರಾವಳಿಯುದ್ದಕ್ಕೂ ಜಗಳವಾಯಿತು. ಕರ್ನಾಟಕದ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ, ಅಂದರೆ ಅಷ್ಟೆಲ್ಲ ಆದ ಮೇಲೆ.

ಮಲ್ಪೆ ಬೋಟು

ನಾಡದೋಣಿಯವರಿಗೆ 10 ಅಶ್ವಶಕ್ತಿಯವರೆಗಿನ ಯಂತ್ರ ಇಟ್ಟುಕೊಂಡು ನಿಷೇಧದ ಕಾಲದಲ್ಲೂ ಹೋಗಲು ಅವಕಾಶವಿದೆ. ಮೊಟ್ಟೆ ತುಂಬಿದ ಮೀನು ದಡದ ಹತ್ತಿರ ಬರುವುದು ಆಗಲೇ ಅಲ್ಲವೇ? ಅದಕ್ಕೆ ಮಿತಿ ಬೇಡವೇ?

ಗಂಗೊಳ್ಳಿ ನಾಡದೋಣಿ

ಮಿತಿ ಬೇಕು. ಮಳೆಗಾಲದಲ್ಲಿ ನಾವು ಹೋಗುವುದೇ ಕಡಲು ಸ್ವಲ್ಪ ಸಮಾಧಾನವಾದ ದಿನಗಳಲ್ಲಿ, ಅದೂ ದಡದ ಹತ್ತಿರಕ್ಕೆ. ಆದರೂ ಸಣ್ಣ ಕಣ್ಣಿನ ಬಲೆ ಬೇಡವೆಂದು ನಮ್ಮ ಸಂಘದೊಳಗೆ ನಾವೇ ಮಾತಾಡಿಕೊಂಡಿದ್ದೇವೆ. ನಮಗೆ ಹಾಕುವ ಮಿತಿ ನಿಮಗೂ ಇರಲಿ ಎನ್ನುವುದಷ್ಟೇ ನಮ್ಮ ಬೇಡಿಕೆ.

ಕಡಲಜೀವ ಉಪನ್ಯಾಸಕಿ

ಇಬ್ಬರ ಮಾತಿನ ನಡುವೆ ಮೀನಿನ ಬದುಕಿನ ಲೆಕ್ಕವನ್ನೂ ಇಡಬೇಕೆನಿಸಿತು. ಬೂತಾಯಿ (ಸಾರ್ಡೀನ್) ಅಲ್ಪಾಯುಷಿ. ಒಂದು ವರ್ಷ ತುಂಬುವ ಹೊತ್ತಿಗೆ ಸುಮಾರು 15 ಸೆಂ.ಮೀ. ಬೆಳೆದು ಮೊಟ್ಟೆಯಿಡಲು ಸಿದ್ಧವಾಗುತ್ತದೆ, ಮುಂಗಾರಿನ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತದೆ. ಇಷ್ಟು ಬೇಗ ಬೆಳೆಯುವ ಮೀನಿಗೆ ಒಂದು ಅವಕಾಶ ಕೊಟ್ಟರೆ ಅದು ಬೇಗ ಚೇತರಿಸಿಕೊಳ್ಳುತ್ತದೆ. ಆ ಒಂದು ಅವಕಾಶವನ್ನೂ ಕೊಡದೆ ಮರಿಯಲ್ಲೇ ಹಿಡಿದರೆ ಅಷ್ಟೇ ಬೇಗ ಕುಸಿಯುತ್ತದೆ.

ಕೇರಳದ ಉದಾಹರಣೆ ನಮ್ಮ ಕಣ್ಣೆದುರಿಗಿದೆ. ಅಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇವು ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಅಂದಾಜುಗಳು. ಇಡೀ ಕುಸಿತವನ್ನು ಬಲೆಯ ತಲೆಗೆ ಕಟ್ಟುವುದು ತಪ್ಪು. ಸಮುದ್ರದ ಕಾವು, ತಳದಿಂದ ತಂಪು ನೀರು ಮೇಲೇಳುವ ಕ್ರಮದಲ್ಲಿನ ಏರುಪೇರು, ಎಲ್ ನಿನೋ, ಇವೆಲ್ಲವೂ ಬೂತಾಯಿಯ ಸಂಖ್ಯೆಯನ್ನು ಅಲುಗಾಡಿಸುತ್ತವೆ. ಹವಾಮಾನ ಕೆಟ್ಟ ವರ್ಷದಲ್ಲೂ ಮರಿಗಳನ್ನು ಬಾಚಿದರೆ ಮೀನು ಎರಡೂ ಕಡೆಯಿಂದ ಪೆಟ್ಟು ತಿನ್ನುತ್ತದೆ. ಸಂಶೋಧಕರು ಎಚ್ಚರಿಸುತ್ತ ಬಂದಿರುವುದು ಇದನ್ನೇ.

ಹಿಡಿಯಬಹುದಾದ ಕನಿಷ್ಠ ಉದ್ದವನ್ನು ಕಾನೂನಾಗಿ ಮೊದಲು ತಂದದ್ದೂ ಕೇರಳವೇ. 2015ರಲ್ಲಿ ಕೆಲವು ಜಾತಿಗಳಿಂದ ಆರಂಭಿಸಿ, ನಂತರ 58 ಜಾತಿಗಳಿಗೆ ವಿಸ್ತರಿಸಿದರು. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ನಡುಬೆರಳಿನಷ್ಟು ಉದ್ದದ ಬಂಗುಡೆ ಈ ಅಳತೆಯಿಂದ ಎಷ್ಟು ದೂರವಿದೆ ಎಂದು ಮೊದಲ ಬರಹದವರು ಒಂದು ಸ್ಕೇಲು ಹಿಡಿದು ನೋಡಬಹುದು.

ಹೊನ್ನಾವರ ಓದುಗ

ಅಳತೆ ಬರೆದಿಟ್ಟರೆ ಸಾಲದು, ಧಕ್ಕೆಯಲ್ಲಿ ನಿಂತು ಅಳೆಯುವವರು ಬೇಕು.

ಮೀನುಪೇಟೆ ಅಕ್ಕ

ಅಳೆಯಬೇಕಾದ ಜಾಗ ಯಾವುದೆಂದು ನಾನು ಹೇಳುತ್ತೇನೆ. ನಾನು ಬುಟ್ಟಿ ಹೊತ್ತು ಮೀನು ಮಾರಿದವಳು, ಈಗ ಪೇಟೆಯಲ್ಲಿ ಕುಳಿತು ಮಾರುತ್ತೇನೆ. ನನ್ನ ಗಿರಾಕಿ ಬೆರಳುದ್ದದ ಬಂಗುಡೆ ಕೊಳ್ಳುವುದಿಲ್ಲ. ಮುಳ್ಳು ಬಿಡಿಸಿದರೆ ಏನೂ ಉಳಿಯದ ಮೀನನ್ನು ಮನೆಗೆ ಒಯ್ದು ಏನು ಮಾಡುತ್ತಾರೆ? ಹಾಗಾದರೆ ಅಷ್ಟೊಂದು ಮರಿ ಎಲ್ಲಿಗೆ ಹೋಗುತ್ತದೆ? ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಬೋಟಿನಿಂದ ಇಳಿದದ್ದು ಐಸ್ ಕೂಡ ಕಾಣದೆ ನೇರವಾಗಿ ಲಾರಿಗೆ ಬೀಳುತ್ತದೆ. ಅಲ್ಲಿ ಅದನ್ನು ಬೇಯಿಸಿ, ಹಿಂಡಿ ಎಣ್ಣೆ ತೆಗೆದು, ಒಣಗಿಸಿ, ಪುಡಿ ಮಾಡಿ ಕೋಳಿಗೂ ಸಿಗಡಿ ಕೆರೆಗೂ ಮೇವು ಮಾಡುತ್ತಾರೆ.

ಮೊದಲು ಸಣ್ಣ ಮೀನು ಅಗ್ಗವಾದ ದಿನ ನಾವು ಹೆಂಗಸರು ಕೊಂಡು, ಉಪ್ಪು ಹಾಕಿ, ಮರಳಿನ ಮೇಲೆ ಒಣಗಿಸಿ, ಮಳೆಗಾಲಕ್ಕೆ ಘಟ್ಟದ ಮೇಲಿನ ಸಂತೆಗೆ ಕಳಿಸುತ್ತಿದ್ದೆವು. ಈಗ ಹರಾಜಿನಲ್ಲಿ ನಮ್ಮ ಕೂಗು ಲಾರಿಯವರ ಕೂಗಿಗೆ ಎಟುಕುವುದಿಲ್ಲ. ಬಲೆಯ ಕಣ್ಣು ಅಳೆಯಲು ಅಧಿಕಾರಿ ಸಮುದ್ರದ ನಡುವೆ ಹೋಗಬೇಕು. ಕಾರ್ಖಾನೆಯ ಗೇಟು ಮಾತ್ರ ರಸ್ತೆಯ ಪಕ್ಕದಲ್ಲೇ ಇದೆ.

ಮಲ್ಪೆ ಬೋಟು

ಅಕ್ಕ ಹೇಳಿದ ಮಾತಿನಲ್ಲಿ ನನಗೆ ತಕರಾರಿಲ್ಲ, ಅದಕ್ಕೆ ಇನ್ನಷ್ಟು ಸೇರಿಸುತ್ತೇನೆ. ದಿನಗಟ್ಟಲೆ ಹೊರಗಿದ್ದು ಬರುವ ಟ್ರಾಲ್ (ಎಳೆಬಲೆ) ಬೋಟಿನ ಹೋಲ್ಡಿನಲ್ಲಿ, ಅಂದರೆ ಮೀನು ತುಂಬುವ ಕೋಣೆಯಲ್ಲಿ, ಜಾಗ ಎಷ್ಟೆಂದು ನಮಗೆ ಗೊತ್ತು. ಆ ಜಾಗದಲ್ಲಿ ದುಬಾರಿ ಮೀನಾದ ಅಂಜಲ್ ತುಂಬಿದರೆ ಬರುವ ಹಣಕ್ಕೂ ಮರಿ ಕಸ ತುಂಬಿದರೆ ಬರುವ ಹಣಕ್ಕೂ ಹೋಲಿಕೆಯೇ ಇಲ್ಲ. ಆದರೂ ಮರಿಯನ್ನು ತರುತ್ತಾರೆ, ಏಕೆಂದರೆ ಕೊನೆಯ ದಿನದ ಎಳೆತದಲ್ಲಿ ಬಂದದ್ದು ಡೀಸೆಲ್ ಖರ್ಚನ್ನಾದರೂ ಕೊಡುತ್ತದೆ. ಫಿಶ್‌ಮೀಲಿನವರು ಕೊಳ್ಳುವುದಿಲ್ಲ ಎಂದ ದಿನ ಅದನ್ನು ಬೋಟು ನಡೆಸುವ ಯಾವ ತಾಂಡೇಲನೂ ತರುವುದಿಲ್ಲ.

ಟ್ರಾಲ್ ಬಲೆಯ ಚೀಲದಲ್ಲಿ 35 ಮಿ.ಮೀ. ಚೌಕ ಕಣ್ಣು ಇರಬೇಕೆಂಬ ನಿಯಮ ಒಳ್ಳೆಯದೇ. ವಜ್ರದಾಕಾರದ ಕಣ್ಣು ಎಳೆದಾಗ ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇರುತ್ತದೆ. ಮರಿ ನುಸುಳಿ ಹೋಗುತ್ತದೆ. ಆದರೆ ನಾನೊಬ್ಬ ಅದನ್ನು ಹಾಕಿಕೊಂಡು ಪಕ್ಕದ ಬೋಟಿನವನು ಹಾಕದಿದ್ದರೆ ನನ್ನ ಕಲಾಸಿಗಳೇ ಅವನ ಬೋಟಿಗೆ ಹೋಗುತ್ತಾರೆ.

ಕೊಲ್ಲಂ ಕನ್ನಡಿಗ

ಕೆಲಸದ ಮೇಲೆ ಬಂದು ಇಲ್ಲಿ ನೆಲೆಸಿದವನು ನಾನು. ಬಳಚಿನ ಮಾತು ಬಂದದ್ದರಿಂದ ಇಲ್ಲಿನ ಅಷ್ಟಮುಡಿ ಕಾಯಲಿನ (ಹಿನ್ನೀರಿನ) ಕತೆಯನ್ನು ಹೇಳಲೇಬೇಕು, ಏಕೆಂದರೆ ಮೊದಲ ಬರಹದ ಪ್ರಶ್ನೆಗೆ ನೇರ ಉತ್ತರ ಅದರಲ್ಲಿದೆ.

ಅಷ್ಟಮುಡಿಯಲ್ಲಿ ಸಿಗುವ ಪಟ್ಟೆಪಟ್ಟೆ ಚಿಪ್ಪಿನ ಬಳಚಿಗೆ ಆಗ್ನೇಯ ಏಷ್ಯಾದ ದೇಶಗಳಲ್ಲಿ ಬೇಡಿಕೆ ಬಂದ ಮೇಲೆ ಹಿಡಿತ ವಿಪರೀತವಾಯಿತು, 1990ರ ದಶಕದ ಆರಂಭದಲ್ಲಿ ಇಳುವರಿ ಕುಸಿಯಿತು. ಆಗ ಸಂಶೋಧನಾ ಸಂಸ್ಥೆಯವರು, ಆರಿಸುವವರು, ಜಿಲ್ಲಾಡಳಿತ ಸೇರಿ ಕೆಲವು ಕಟ್ಟಳೆಗಳನ್ನು ಮಾಡಿಕೊಂಡರು. ಬಳಚು ಸಂತಾನಾಭಿವೃದ್ಧಿ ಮಾಡುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಿಡಿತ ಪೂರ್ತಿ ಬಂದ್. ಬಲೆಯ ಕಣ್ಣು 30 ಮಿ.ಮೀ.ಗಿಂತ ಸಣ್ಣದಾಗಿರಬಾರದು. ಯಂತ್ರದಿಂದ ಬಾಚುವಂತಿಲ್ಲ, ಕೈಯಿಂದಲೇ ತೆಗೆಯಬೇಕು.

ಇವಿಷ್ಟೂ ಆರಿಸುವವರ ಮೇಲಿನ ಕಟ್ಟಳೆಗಳು. ಇವುಗಳ ಜೊತೆಗೆ ಕೊಳ್ಳುವವರ ಮೇಲೂ ಒಂದಿದೆ: ಬೇಯಿಸಿದ ಬಳಚಿನ ಮಾಂಸದ ಒಂದು ಕಿಲೋದಲ್ಲಿ 1,400ಕ್ಕಿಂತ ಹೆಚ್ಚು ತುಂಡುಗಳಿದ್ದರೆ, ಅಂದರೆ ಬಳಚು ಅಷ್ಟು ಸಣ್ಣದಾದರೆ, ರಫ್ತಿಗೆ ತೆಗೆದುಕೊಳ್ಳುವಂತಿಲ್ಲ. ಸಣ್ಣ ಬಳಚಿಗೆ ದರವೇ ಇಲ್ಲದ ಮೇಲೆ ಬೆನ್ನು ಬಗ್ಗಿಸಿ ಅದನ್ನು ಯಾರು ಆರಿಸುತ್ತಾರೆ? ಈ ಮೀನುಗಾರಿಕೆಗೆ 2014ರಲ್ಲಿ, ಸಂಪನ್ಮೂಲ ಬರಿದಾಗದಂತೆ ನಡೆಯುವ ಮೀನುಗಾರಿಕೆಯನ್ನು ಗುರುತಿಸುವ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಸಿಕ್ಕಿತು. ಭಾರತದಲ್ಲಿ ಅದನ್ನು ಮೊದಲು ಪಡೆದದ್ದು ಇದೇ.

ಅಘನಾಶಿನಿ ಕಣಿವೆ

ಕೊಲ್ಲಂನವರೇ, ಇದನ್ನು ಬರೆದದ್ದಕ್ಕೆ ತುಂಬಾ ಉಪಕಾರವಾಯಿತು. ನಮ್ಮ ಅಳಿವೆಯಲ್ಲೂ ಬಳಚು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ, ಹಿಂದೆ ಸೊಂಟದ ನೀರಿನಲ್ಲಿ ಸಿಗುತ್ತಿದ್ದದ್ದಕ್ಕೆ ಈಗ ಕುತ್ತಿಗೆಯ ನೀರಿಗೆ ಇಳಿಯಬೇಕಾಗಿದೆ ಎಂದು ಆರಿಸುವವರು ಹೇಳುತ್ತಾರೆ. ನಮ್ಮಲ್ಲಿ ತೂಕಕ್ಕೆ ದರವೇ ಹೊರತು ಗಾತ್ರಕ್ಕಲ್ಲ. ಉಪ್ಪಾಗೆಗೂ ಹಾಗೆಯೇ: ಹಸಿರು ಕಾಯಿಯ ಸಿಪ್ಪೆಗೂ ಹಣ್ಣಿನ ಸಿಪ್ಪೆಗೂ ಕೊಳ್ಳುವವರು ಒಂದೇ ದರ ಕೊಡುತ್ತಾರೆ.

ಕರಾವಳಿ ಯುವಕ

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಗಿದೆಯಲ್ಲ! ಇನ್ನು ಅಲ್ಲಿ ಬಳಚು ತೆಗೆಯುವುದೇ ನಿಷಿದ್ಧವಾಗುತ್ತದೆ, ನೀವು ಕಟ್ಟಳೆ ಮಾಡುವ ಅಗತ್ಯವೇ ಇಲ್ಲ.

ಕಡಲಜೀವ ಉಪನ್ಯಾಸಕಿ

ಹಾಗಲ್ಲ. ರಾಮ್ಸಾರ್ ಒಪ್ಪಂದದ ಆಧಾರವೇ ವಿವೇಕಯುತ ಬಳಕೆ. ಜನರನ್ನು ಹೊರಗಟ್ಟುವುದು ಅದರ ಉದ್ದೇಶವಲ್ಲ. ಅಘನಾಶಿನಿಗೆ ಆ ಗೌರವ ಸಿಕ್ಕಿರುವುದಕ್ಕೆ ಅಣೆಕಟ್ಟಿಲ್ಲದೆ ಹರಿಯುವ ಹೊಳೆ, ಕಾಂಡ್ಲಾ (ಮ್ಯಾಂಗ್ರೋವ್) ವನ, ಬಳಚು, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಅಲ್ಲಿ ಬೆಳೆಯುವ ಕಗ್ಗ ಭತ್ತ, ಇವೆಲ್ಲವೂ ಕಾರಣ. ಜನರ ಬಳಕೆಯೂ ಆ ಅಳಿವೆಯ ಭಾಗವೇ. ತಾಣದ ಹೆಸರಿನಿಂದ ಕಾವಲುಗಾರರು ತಾವಾಗಿ ಹುಟ್ಟುವುದಿಲ್ಲ, ಕಟ್ಟಳೆಯನ್ನು ಊರೇ ಮಾಡಿಕೊಳ್ಳಬೇಕು.

ನಿವೃತ್ತ ವನಪಾಲಕ

ಅರಣ್ಯದ ಕಡೆಯಿಂದ ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ಜಿಲ್ಲೆಯಲ್ಲೇ ಬಹುಕಾಲ ಕೆಲಸ ಮಾಡಿದ್ದೇನೆ.

ಉಪ್ಪಾಗೆ ಕೆಡುವುದಕ್ಕೆ ಟೆಂಡರ್ ಪದ್ಧತಿ ದೊಡ್ಡ ಕಾರಣ. ಒಂದೆರಡು ವರ್ಷದ ಅವಧಿಗೆ ಒಂದು ಪ್ರದೇಶದ ಕಿರು ಅರಣ್ಯ ಉತ್ಪನ್ನವನ್ನು ಹರಾಜಿನಲ್ಲಿ ಪಡೆದ ಗುತ್ತಿಗೆದಾರನಿಗೆ ಮೂರನೆಯ ವರ್ಷ ಆ ಮರ ಬದುಕಿದರೂ ಒಂದೇ, ಸತ್ತರೂ ಒಂದೇ. ಹಾಕಿದ ಹಣ ಮರಳಬೇಕು, ಹಾಗಾಗಿ ಬೇಗ ತನ್ನಿ, ಎಷ್ಟಾದರೂ ತನ್ನಿ ಎನ್ನುತ್ತಾನೆ. ಕೊಯ್ಯುವವರು ಅವನ ಆತುರಕ್ಕೆ ತಕ್ಕಂತೆ ಕತ್ತಿ ಹಿಡಿಯುತ್ತಾರೆ. ಗಾರ್ಡು ಹಿಡಿಯುವುದು ಮಾತ್ರ ಕೊಂಬೆ ಕಡಿದ ಬಡವರನ್ನು.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯವರು ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದ ಅಪ್ಪಿಕೋ ಚಳವಳಿಯಿಂದ ನಮ್ಮ ಇಲಾಖೆ ಪಾಠ ಕಲಿಯಬೇಕಾಯಿತು. 1993ರಲ್ಲಿ ಜಂಟಿ ಅರಣ್ಯ ನಿರ್ವಹಣೆಯ ಆದೇಶ ಬಂದು ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಅವುಗಳಲ್ಲಿ ಕೆಲವು ಚೆನ್ನಾಗಿ ನಡೆದವು. ಆದರೆ ಬಹಳಷ್ಟು ಸಮಿತಿಗಳಿಗೆ ನಾವು ಕೊಟ್ಟದ್ದು ಬೋಳು ಗುಡ್ಡದ ಮೇಲಿನ ಅಕೇಶಿಯಾ ನೆಡುತೋಪು. ಉಪ್ಪಾಗೆ, ಮುರುಗಲು, ವಾಟೆ ಇದ್ದ ಸಹಜ ಕಾಡಿನ ಮೇಲೆ ಅವುಗಳಿಗೆ ಅಧಿಕಾರ ಕೊಡಲಿಲ್ಲ. ಹೊರಗಿನ ಯೋಜನೆಯ ಹಣ ನಿಂತಾಗ ಸಭೆಗಳೂ ನಿಂತವು.

ಅದಕ್ಕಿಂತ ಬಹಳ ಹಳೆಯ ಮಾದರಿಯೊಂದು ನಿಮ್ಮ ಕುಮಟಾದಲ್ಲೇ ಇದೆ. ಹಳಕಾರದ ಗ್ರಾಮ ಅರಣ್ಯ ಪಂಚಾಯಿತಿ 1920ರ ದಶಕದಿಂದ ಬಂದದ್ದು. ಮನೆಗಳವರು ಸಣ್ಣ ಶುಲ್ಕ ಕೊಡುತ್ತಾರೆ, ಆ ಹಣದಲ್ಲಿ ಊರೇ ಕಾವಲುಗಾರನನ್ನು ಇಟ್ಟುಕೊಂಡಿದೆ, ದರಕು (ಒಣ ಎಲೆ) ಯಾವಾಗ ಗುಡಿಸಬೇಕು, ಸೌದೆ ಯಾವಾಗ ತರಬೇಕು ಎನ್ನುವುದನ್ನು ಸಮಿತಿ ಹೇಳುತ್ತದೆ. ಪೇಟೆಯ ಪಕ್ಕದಲ್ಲೇ ಇದ್ದೂ ಆ ಕಾಡು ಉಳಿದಿದೆ. ಗ್ರಾಮಸಭೆಗೆ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಅವರ ದಾಖಲೆ ಪುಸ್ತಕಗಳನ್ನು ನೋಡಿ ಬನ್ನಿ.

ಶಿರಸಿ ತೋಟಿಗ

ವನಪಾಲಕರು ಟೆಂಡರಿನ ಬಗ್ಗೆ ಇಷ್ಟು ಬಿಚ್ಚಿ ಬರೆದದ್ದು ಒಳ್ಳೆಯದಾಯಿತು. ಸಿಂಗಳೀಕಗಳ ಮಾತನ್ನೂ ಇಲ್ಲಿ ಸೇರಿಸಬೇಕು. ಅಘನಾಶಿನಿ ಕೊಳ್ಳದ ಕಾಡನ್ನು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿದಾಗ ಜನರ ಸಂಗ್ರಹದ ಹಕ್ಕನ್ನು ಕಿತ್ತುಕೊಳ್ಳಲಿಲ್ಲ. ಉಪ್ಪಾಗೆ ಹಣ್ಣು ಅವುಗಳಿಗೂ ಆಹಾರ. ಮರಕ್ಕೆ ಹತ್ತದೆ ಬಿದ್ದ ಹಣ್ಣನ್ನು ಮಾತ್ರ ಆರಿಸಿ, ಸಿಪ್ಪೆ ತೆಗೆದುಕೊಂಡು, ಬೀಜವನ್ನು ಅಲ್ಲೇ ಬಿಟ್ಟರೆ ಮಂಗಕ್ಕೂ ಪಾಲು ಸಿಗುತ್ತದೆ, ಸಸಿಯೂ ಏಳುತ್ತದೆ.

ಬಿಳಿಗಿರಿ ಹಾದಿ

ನಿಷೇಧವೊಂದರಿಂದಲೇ ಕಾಡು ಉಳಿಯುತ್ತದೆ ಎಂದು ಯಾರಾದರೂ ಗ್ರಾಮಸಭೆಯಲ್ಲಿ ವಾದಿಸಿದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವವನ್ನು ಹೇಳಿ. ಅವರು ನೆಲ್ಲಿಕಾಯಿ, ಜೇನು, ಪಾಚಿ ತಂದು ತಮ್ಮ ಲ್ಯಾಂಪ್ಸ್ ಸೊಸೈಟಿಗೆ (ಬುಡಕಟ್ಟು ಜನರ ಸಹಕಾರ ಸಂಘಕ್ಕೆ) ಮಾರಿ ಬದುಕುತ್ತಿದ್ದರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಅಭಯಾರಣ್ಯದೊಳಗಿನ ಸಂಗ್ರಹ ನಿಂತಿತು, ಆದಾಯವೂ ನಿಂತಿತು. ನೆಲ್ಲಿ ಮರಗಳು ಅದರಿಂದ ಚೇತರಿಸಿಕೊಂಡವೇ ಎಂದರೆ ಸೋಲಿಗರು ಒಪ್ಪುವುದಿಲ್ಲ. ನೆಲ್ಲಿಗೆ ಹಿಡಿಯುವ ಬಂದಳಿಕೆಯನ್ನು ಅವರು ಉಪ್ಪಿಲು ಎನ್ನುತ್ತಾರೆ. ಕೊಯ್ಲಿಗೆ ಹೋದಾಗ ಅದನ್ನು ಕತ್ತರಿಸಿ ಹಾಕುತ್ತಿದ್ದರು. ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿ ನೆಲದ ಒಣ ಎಲೆಯನ್ನಷ್ಟೇ ಸುಟ್ಟು ಉಪ್ಪಿಲನ್ನೂ ಲಂಟಾನವನ್ನೂ ಹತೋಟಿಯಲ್ಲಿಡುತ್ತಿತ್ತು. ಬೆಂಕಿ ನಿಂತ ಮೇಲೆ ಲಂಟಾನ ಇಡೀ ಬೆಟ್ಟವನ್ನು ಹೊಕ್ಕಿತು ಎಂಬುದು ಅವರ ಮಾತು, ಲಂಟಾನ ಎಷ್ಟು ಹರಡಿದೆ ಎನ್ನುವುದನ್ನು ಕಾಡಿಗೆ ಹೋದವರೆಲ್ಲ ಕಂಡಿದ್ದಾರೆ.

2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ದೇಶದಲ್ಲೇ ಅದು ಮೊದಲನೆಯದು. ಹಕ್ಕುಪತ್ರ ಬಂದ ಮೇಲೂ ದಿನನಿತ್ಯದ ತಗಾದೆ ಮುಗಿದಿಲ್ಲ, ಆದರೆ ಮಾತುಕತೆಗೆ ಕೂರುವಾಗ ಅವರ ಕೈಯಲ್ಲಿ ಒಂದು ಕಾಗದವಿದೆ.

ಕಾನೂನು ಓದುಗ

ಆ ಕಾಗದದ ಬಗ್ಗೆಯೇ ಎರಡು ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯು ಕಿರು ಅರಣ್ಯ ಉತ್ಪನ್ನದ ಒಡೆತನವನ್ನೂ ಸಮುದಾಯದ ಕಾಡನ್ನು ಕಾಪಾಡಿ ನಿರ್ವಹಿಸುವ ಹಕ್ಕನ್ನೂ ಅರಣ್ಯವಾಸಿಗಳಿಗೆ ಕೊಡುತ್ತದೆ. ಅದರ 5ನೇ ಕಲಮು ಕಾಡಿಗೂ ಜೀವವೈವಿಧ್ಯಕ್ಕೂ ಹಾನಿ ಮಾಡುವ ಕೆಲಸವನ್ನು ತಡೆಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ಉತ್ತರ ಕನ್ನಡದಲ್ಲಿ ಬಹುಪಾಲು ಜನ ಪರಿಶಿಷ್ಟ ಪಂಗಡದವರಲ್ಲದ ಕಾರಣ 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸದ ಪುರಾವೆ ಕೇಳುತ್ತಾರೆ. ಹಾದಿ ಕಠಿಣವಾದರೂ ವೈಯಕ್ತಿಕ ಅತಿಕ್ರಮಣದ ಅರ್ಜಿಗಳ ಗದ್ದಲದಲ್ಲಿ ಸಮುದಾಯ ಹಕ್ಕಿನ ಅರ್ಜಿಯನ್ನು ಮರೆಯಬಾರದು.

ಸಮುದ್ರಕ್ಕೆ ಇಂಥ ಕಾಯ್ದೆಯಿಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಅಧಿಕಾರ, ಅದರಾಚೆ 200 ಮೈಲಿವರೆಗೆ ಕೇಂದ್ರದ್ದು. ಮೀನುಗಾರರ ಗ್ರಾಮಸಭೆಗೆ ನೀರಿನ ಮೇಲೆ ಯಾವ ಅಧಿಕಾರವೂ ಇಲ್ಲ. ಹಾಗಾಗಿ ಮಲ್ಪೆಯವರ ಬೋಟನ್ನು ಕುಮಟಾದ ಗ್ರಾಮಸಭೆ ತಡೆಯಲಾರದು.

ಆದರೆ ಕೊಳ್ಳುವವರನ್ನು ಹಿಡಿಯಲು ಒಂದು ದಾರಿಯಿದೆ. 2002ರ ಜೀವವೈವಿಧ್ಯ ಕಾಯ್ದೆ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತನ್ನ ವ್ಯಾಪ್ತಿಯಿಂದ ವಾಣಿಜ್ಯ ಉದ್ದೇಶಕ್ಕೆ ಜೈವಿಕ ಸಂಪನ್ಮೂಲ ಸಂಗ್ರಹಿಸುವವರ ಮೇಲೆ ಶುಲ್ಕ ವಿಧಿಸುವ ಅಧಿಕಾರವನ್ನು ಕೊಟ್ಟಿತು. ಉಪ್ಪಾಗೆ ಸಿಪ್ಪೆಯೂ ಬಳಚೂ ಆ ವ್ಯಾಖ್ಯೆಯೊಳಗೆ ಬರುತ್ತವೆ. 2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿದೆ. ಈಗಿನ ನಿಯಮಗಳನ್ನು ಓದಿಕೊಂಡು ಠರಾವು ಬರೆಯಿರಿ. ವ್ಯಾಪಾರಿಗಳ ನೋಂದಣಿ, ಗಾತ್ರದ ಷರತ್ತು, ಕೊಯ್ಲಿನ ದಿನಾಂಕ, ಈ ಮೂರನ್ನೂ ಒಂದೇ ಠರಾವಿನಲ್ಲಿ ಹೆಣೆಯಿರಿ.

ಗಂಗೊಳ್ಳಿ ನಾಡದೋಣಿ

ಫಿಶ್‌ಮೀಲ್ ಕಾರ್ಖಾನೆಯವರು ಕನಿಷ್ಠ ಉದ್ದಕ್ಕಿಂತ ಸಣ್ಣ ಬೂತಾಯಿ, ಬಂಗುಡೆ ಕೊಂಡರೆ ಪರವಾನಗಿ ರದ್ದು ಎನ್ನುವ ಷರತ್ತು ಬಂದರೆ ನಾವು ಮನವಿ ಹಿಡಿದು ಅಲೆಯುವುದು ಅರ್ಧ ಕಡಿಮೆಯಾಗುತ್ತದೆ. ಮಲ್ಪೆಯವರೇ, ನಿಮ್ಮ ಸಂಘವೂ ನಮ್ಮ ಸಂಘವೂ ಒಟ್ಟಿಗೆ ಈ ಬೇಡಿಕೆ ಇಡಬಹುದಲ್ಲವೇ?

ಮಲ್ಪೆ ಬೋಟು

ಇಡಬಹುದು. ಬೆಳಕಿನ ವಿಷಯದಲ್ಲಿ ನಮ್ಮೊಳಗೇ ಎರಡು ಪಕ್ಷಗಳಿವೆ, ಆ ಚರ್ಚೆ ಬೇರೆಯೇ ಆಗಬೇಕು. ಮರಿ ಕೊಳ್ಳಬಾರದು ಎನ್ನುವ ಬೇಡಿಕೆಗೆ ನಮ್ಮಲ್ಲಿ ಬಹಳ ವಿರೋಧ ಬರಲಾರದು. ಒಂದು ಷರತ್ತು: ಕೇರಳಕ್ಕೂ ಗೋವಾಕ್ಕೂ ನಮಗೂ ಒಂದೇ ಅಳತೆ ಇರಬೇಕು. ಇಲ್ಲವಾದರೆ ಇಲ್ಲಿ ಕೊಳ್ಳದ ಮರಿಯನ್ನು ಗಡಿಯಾಚೆಯ ಬಂದರಿನಲ್ಲಿ ಇಳಿಸುತ್ತಾರೆ.

ಮೀನುಪೇಟೆ ಅಕ್ಕ

ಕಟ್ಟಳೆ ಮಾಡುವವರು ಮುಚ್ಚಿದ ತಿಂಗಳಲ್ಲಿ ಒಲೆ ಹೇಗೆ ಉರಿಯುತ್ತದೆ ಎನ್ನುವುದನ್ನೂ ಬರೆದಿಡಬೇಕು. ಮೀನುಗಾರರಿಗೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ: ನಾವು 1,500 ರೂಪಾಯಿ ಕಟ್ಟಿದರೆ ಸರ್ಕಾರದ 3,000 ಸೇರಿ 4,500 ರೂಪಾಯಿ ಬರುತ್ತದೆ. ಮೂರು ತಿಂಗಳಿಗೆ ಅದು ಎಷ್ಟರಮಟ್ಟಿಗೆ ಸಾಲುತ್ತದೆ ಎಂದು ಯಾರೂ ಕೇಳಬೇಕಾಗಿಲ್ಲ. ಬಳಚು ಆರಿಸುವ ಹೆಂಗಸರಿಗೆ ದೋಣಿಯಿಲ್ಲ, ಎಷ್ಟೋ ಮಂದಿಯ ಹೆಸರು ಸಂಘದ ಪುಸ್ತಕದಲ್ಲೂ ಇಲ್ಲ. ಅವರಿಗೆ ಮೂರು ತಿಂಗಳು ಬಂದ್ ಎಂದರೆ ಊಟವೇ ಬಂದ್. ಮೊದಲು ಅವರ ಹೆಸರು ಬರೆಸಿ, ನಂತರ ಹೊಳೆ ಮುಚ್ಚಿ.

ಕೊಲ್ಲಂ ಕನ್ನಡಿಗ

ಅಕ್ಕನ ಮಾತು ಸರಿ. ಅಷ್ಟಮುಡಿಯ ದಿನಾಂಕಗಳನ್ನು ಹಾಗೆಯೇ ಎತ್ತಿಕೊಂಡು ಅಘನಾಶಿನಿಗೆ ಹಾಕಬೇಡಿ. ನಿಮ್ಮ ಬಳಚು ಯಾವಾಗ ಸಂತಾನ ಬಿಡುತ್ತದೆ ಎನ್ನುವುದನ್ನು ಆರಿಸುವವರಿಂದಲೂ ಕಾರವಾರದ ಸಂಶೋಧನಾ ಕೇಂದ್ರದವರಿಂದಲೂ ಕೇಳಿಕೊಳ್ಳಿ. ಇಡೀ ಹೊಳೆಯನ್ನು ಮುಚ್ಚುವ ಬದಲು ದಿಬ್ಬಗಳನ್ನು ಪಾಳಿಯಂತೆ ಬಿಡುವುದು ಕೂಡ ಸಾಧ್ಯ.

ಅಘನಾಶಿನಿ ಕಣಿವೆ

ಎಲ್ಲರಿಗೂ ವಂದನೆ. ಗ್ರಾಮಸಭೆಗೆ ಹೀಗೆ ಕರಡು ಬರೆಯುತ್ತಿದ್ದೇನೆ. ಉಪ್ಪಾಗೆ, ಬಳಚು ಕೊಳ್ಳುವವರು ಪಂಚಾಯಿತಿಯಲ್ಲಿ ಹೆಸರು ನೋಂದಾಯಿಸಬೇಕು; ಹಸಿರು ಕಾಯಿಯ ಸಿಪ್ಪೆಯನ್ನೂ ಗಾತ್ರಕ್ಕಿಂತ ಸಣ್ಣ ಬಳಚನ್ನೂ ಕೊಂಡವರ ನೋಂದಣಿ ಆ ಹಂಗಾಮಿಗೆ ರದ್ದು. ಸಂಗ್ರಹ ಶುಲ್ಕದಿಂದ ಮೊದಲು ಎರಡು ಡ್ರೈಯರ್ ಹಾಕಿಸುವುದು. ಕೊಯ್ಲಿನ ಮೊದಲ ದಿನವನ್ನು ಊರವರು ಕಾಡಿಗೆ ಹೋಗಿ ಹಣ್ಣು ನೋಡಿ ಬಂದು ಗೊತ್ತುಮಾಡುವುದು. ಬಳಚು ಆರಿಸುವವರ ಪಟ್ಟಿ ಪೂರ್ತಿಯಾಗುವವರೆಗೆ ಹೊಳೆಯನ್ನು ಮುಚ್ಚುವ ಮಾತಿಲ್ಲ, ಗಾತ್ರದ ಮಿತಿ ಮಾತ್ರ. ಬಂಗುಡೆಯ ವಿಷಯ ನಮ್ಮ ಕೈಮೀರಿದ್ದು. ಗಂಗೊಳ್ಳಿ ಮತ್ತು ಮಲ್ಪೆಯ ಸಂಘಗಳ ಬೇಡಿಕೆಗೆ ನಮ್ಮ ಪಂಚಾಯಿತಿಯ ಬೆಂಬಲದ ಠರಾವು ಕಳಿಸುತ್ತೇವೆ. ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕಿದೆ.

ಮೀನುಪೇಟೆ ಅಕ್ಕ

ಬುಧವಾರ ಆ ಹೊತ್ತಿಗೆ ನೀರು ಇಳಿದಿರುತ್ತದೆಯೋ ಏರಿರುತ್ತದೆಯೋ ನೋಡಿದ್ದೀರಾ? ಇಳಿತದ ಹೊತ್ತಾದರೆ ಬಳಚು ಆರಿಸುವವರೆಲ್ಲ ಹೊಳೆಯಲ್ಲಿರುತ್ತಾರೆ, ಒಬ್ಬರೂ ಸಭೆಗೆ ಬರುವುದಿಲ್ಲ.

ಅಘನಾಶಿನಿ ಕಣಿವೆ

ಅಂದು ಹನ್ನೊಂದಕ್ಕೆ ಇಳಿತವೇ ಇದೆ ಎಂದು ಹೊಳೆಯ ಕಡೆಯವರು ಈಗ ಹೇಳಿದರು. ಭರತವಾಗುವ ಸಂಜೆ ನಾಲ್ಕಕ್ಕೆ ಸಭೆಯನ್ನು ಬದಲಿಸಲು ಅಧ್ಯಕ್ಷರು ಒಪ್ಪಿದ್ದಾರೆ.